ರಾಯಚೂರಿನ ಬಿಸಿಲಲ್ಲಿ ಹಸ್ಕಿ ಸಾಕುವುದು: ಸಮಗ್ರ ಮಾರ್ಗದರ್ಶಿ

ಸೈಬೀರಿಯನ್ ಹಸ್ಕಿಗೆ ದಿನಕ್ಕೆ ಒಂದೂವರೆ-ಎರಡು ತಾಸು ಮೈ ದಣಿಯಬೇಕು. ಆದರೆ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಮಾರ್ಚ್‌ನಿಂದ ಜೂನ್ ಮೊದಲ ವಾರದ ತನಕ ಬೆಳಿಗ್ಗೆ ಏಳರಿಂದ ರಾತ್ರಿ ಎಂಟೂವರೆಯವರೆಗೆ ಅದನ್ನು ಹೊರಗೆ ಓಡಿಸುವಂತಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲು ಬಂತೆಂದು ನಾಯಿಯ ಕಸುವು ಇಳಿಯುವುದಿಲ್ಲ. ದಣಿಯದ ಹಸ್ಕಿ ಸೋಫಾ ಹರಿಯುತ್ತದೆ, ಗೋಡೆ ಹಾರುತ್ತದೆ, ಊಳಿಡುತ್ತದೆ. ಬಿಸಿಲಲ್ಲಿ ದಣಿದ ಹಸ್ಕಿ ಸತ್ತೇ ಹೋಗಬಹುದು. ಈ ಎರಡರ ನಡುವೆ ದಾರಿ ಇದೆ. ಆ ದಾರಿಗೆ ಮನೆಯವರೆಲ್ಲ ತಮ್ಮ ದಿನಚರಿಯನ್ನೇ ಬದಲಿಸಿಕೊಳ್ಳಬೇಕು.

ಇದು ಈಶಾನ್ಯ ಸೈಬೀರಿಯಾದ ಚುಕ್ಚಿ ಜನ ಹಿಮಬಂಡಿ ಎಳೆಯಲು ಬೆಳೆಸಿದ ತಳಿ. ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ ರೋಗ ಬಂದಾಗ, 1925ರಲ್ಲಿ, ಔಷಧಿಯನ್ನು ಹಿಮದಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸರದಿಯ ಮೇಲೆ ಮುಟ್ಟಿಸಿದ್ದು ಹಿಮಬಂಡಿ ನಾಯಿಗಳು. ಟೋಗೊ, ಬಾಲ್ಟೊ ಎಂಬ ನಾಯಿಗಳು ಹೆಸರಾದದ್ದು ಆಗಲೇ. ಗಂಡು 20ರಿಂದ 27 ಕಿಲೋ, ಹೆಣ್ಣು 16ರಿಂದ 23 ಕಿಲೋ ತೂಗುತ್ತದೆ, 12ರಿಂದ 14 ವರ್ಷ ಬದುಕುತ್ತದೆ. ಅಂದರೆ ಇವತ್ತು ಮರಿ ತಂದವರು ಹನ್ನೆರಡಕ್ಕೂ ಹೆಚ್ಚು ಬೇಸಿಗೆಗಳಿಗೆ ಒಪ್ಪಿಕೊಂಡಂತೆ.

ಕಾವಲಿಗೆ ಬೇಕೆಂದರೆ ಇದನ್ನು ತರಬೇಡಿ. ಹಸ್ಕಿ ಅಪರಿಚಿತರನ್ನೂ ಬಾಲ ಅಲ್ಲಾಡಿಸಿ ಬರಮಾಡಿಕೊಳ್ಳುತ್ತದೆ. ಗಂಡ-ಹೆಂಡತಿ ಇಬ್ಬರೂ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಬರುವ ಮನೆಗೂ ಇದು ಸಲ್ಲದು. ಒಂಟಿತನ ಇದಕ್ಕೆ ತಡೆಯದು. ತಂಪಾದ ಕೋಣೆ ಕೊಡಲು ಆಗದವರಿಗೆ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಇದೆ, ನಮ್ಮ ಓಣಿಯ ನಾಟಿ ಮರಿಗಳಿವೆ. ಅವು ಈ ಬಿಸಿಲಿಗೇ ಹುಟ್ಟಿದವು.

ಮೊದಲು ಕೋಣೆ, ಆಮೇಲೆ ಮರಿ

ನೆಲಮಹಡಿಯಲ್ಲಿ, ಪಶ್ಚಿಮದ ಬಿಸಿಲು ಗೋಡೆಗೆ ಬೀಳದ ಕೋಣೆಯನ್ನು ಆರಿಸಿ. ಮೇಲ್ಮಹಡಿಯ ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೆ ಕೆಳಗೆ ಶಾಖ ಉಗುಳುತ್ತದೆ. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ ನಿಮ್ಮದಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೆಲಕ್ಕೆ ಶಹಾಬಾದ್ ಪರಸಿ ಅಥವಾ ಕಡಪಾ ಕಲ್ಲು ಇರಲಿ; ನಾಯಿ ತನ್ನ ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಮಲಗಿ ಶಾಖ ಬಿಡುತ್ತದೆ. ಮ್ಯಾಟು, ಗಾದಿ ಹಾಸಿದರೆ ಆ ಅನುಕೂಲ ಹೋಯಿತು. ತಗಡಿನ ಶೆಡ್, ಮಾಳಿಗೆ ಮೇಲಿನ ಗೂಡು ಎರಡೂ ಬೇಡ.

ಕೋಣೆಯಲ್ಲಿ ನಾಯಿ ಮಲಗುವ ಎತ್ತರಕ್ಕೆ, ನೆಲದಿಂದ ಒಂದಡಿ ಮೇಲೆ, ತಾಪ ಮತ್ತು ತೇವಾಂಶ ಎರಡನ್ನೂ ತೋರಿಸುವ ಡಿಜಿಟಲ್ ಮೀಟರ್ ತೂಗುಹಾಕಿ. 24ರಿಂದ 27 ಡಿಗ್ರಿ ಗುರಿ. 30 ದಾಟಿದರೆ ನಾಯಿ ಸುಮ್ಮನೆ ಮಲಗಿದ್ದರೂ ತೇಕತೊಡಗುತ್ತದೆ.

ಕೂಲರ್ ಸಾಕೇ, ಎಸಿ ಬೇಕೇ ಎಂಬುದನ್ನು ತೇವಾಂಶ ನಿರ್ಧರಿಸುತ್ತದೆ. ನೀರು ಆವಿಯಾದಾಗ ಗಾಳಿ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು. ನಮ್ಮ ಮಾರ್ಚ್-ಏಪ್ರಿಲ್‌ನ ಗಾಳಿ ಗರಿಗರಿ ಒಣಗಿರುವುದರಿಂದ ಒಳ್ಳೆಯ ಡೆಸರ್ಟ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ತಪ್ಪು ಮಾತ್ರ ಬಹಳ ಮನೆಗಳಲ್ಲಿ ಆಗುತ್ತದೆ: ಕೂಲರ್ ಹಚ್ಚಿ ಕಿಟಕಿ-ಬಾಗಿಲು ಎಲ್ಲ ಮುಚ್ಚುತ್ತಾರೆ. ಹಸಿಗಾಳಿ ಹೊರಗೆ ಹೋಗದೆ ಕೋಣೆ ಜಿಗಿಜಿಗಿಯಾಗುತ್ತದೆ. ನಾಯಿಯೂ ನಾಲಿಗೆಯ ತೇವ ಆರಿಸಿಯೇ ತಣ್ಣಗಾಗುವುದರಿಂದ ಜಿಗಿಗಾಳಿಯಲ್ಲಿ ಅದರ ತೇಕು ವ್ಯರ್ಥ. ಕೂಲರಿನ ಎದುರು ಗೋಡೆಯ ಕಿಟಕಿ ಒಂದು ಗೇಣು ತೆರೆದಿರಲಿ. ಜೂನ್ ಮಳೆ ಬಿದ್ದು ತೇವಾಂಶ ಶೇಕಡಾ 60 ದಾಟಿದ ಮೇಲೆ ಕೂಲರಿನ ಕೆಲಸ ಮುಗಿಯಿತು. ಆಗ ಎಸಿ ಇಲ್ಲವೇ ಬರೀ ಫ್ಯಾನು.

ಎಸಿ ಹಾಕಿಸುವವರು ಲೆಕ್ಕ ಮೊದಲೇ ಮಾಡಿಕೊಳ್ಳಿ. ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ತಾಸಿಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ದಿನಕ್ಕೆ ಎಂಟು ತಾಸಾದರೆ ತಿಂಗಳಿಗೆ 240. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿದ ತಿಂಗಳು ಜೆಸ್ಕಾಂ ಬಿಲ್ಲು ಪೂರ್ತಿ ನಿಮ್ಮದೇ.

ಕರೆಂಟು ಹೋಗುವುದಂತೂ ಇದ್ದೇ ಇದೆ. ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಎಸಿ ಓಡದು, ಕೂಲರ್ ಓಡುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿ ಒಂದಿದ್ದರೆ 180 ವ್ಯಾಟಿನ ಕೂಲರ್ ಮತ್ತು ಒಂದು ಫ್ಯಾನನ್ನು ನಾಲ್ಕು ತಾಸಿನಷ್ಟು ನಡೆಸಬಹುದು. ಎಸಿ ಇರುವ ಮನೆಯಲ್ಲೂ ಅದಕ್ಕಾಗಿಯೇ ಒಂದು ಕೂಲರ್ ಇರಲಿ.

ಮರಿ ಯಾವಾಗ, ಎಂಥದ್ದು

ನವೆಂಬರ್-ಡಿಸೆಂಬರಿನಲ್ಲಿ ತನ್ನಿ. ಬೇಸಿಗೆಯಲ್ಲಿ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸೆಲ್ ಮಾಡಿಸುವುದು ಮರಿಯ ಜೀವದ ಜೊತೆ ಆಟ. ಎಂಟು ವಾರ ತುಂಬದ ಮರಿಯನ್ನು ಮಾರುವುದಕ್ಕೆ 2017ರ ಕೇಂದ್ರ ನಿಯಮದಲ್ಲಿ ಅವಕಾಶವಿಲ್ಲ. ತಾಯಿಯನ್ನು ಕಣ್ಣಾರೆ ನೋಡಿ. ಈ ತಳಿಯಲ್ಲಿ ಕಣ್ಣಿನ ಪೊರೆ ವಂಶದಿಂದ ಬರುವುದುಂಟು, ತಂದೆ-ತಾಯಿಯ ಕಣ್ಣಿನ ಪರೀಕ್ಷೆ ಆಗಿದೆಯೇ ಕೇಳಿ. ಕಣ್ಣು ನೀಲಿಯೋ ಕಂದೋ ಎಂಬುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಎರಡೂ ಸಹಜ.

ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆ ಆರೆಂಟು ವಾರಕ್ಕೆ ಶುರುವಾಗಿ 16 ವಾರ ತುಂಬುವ ತನಕ ಮೂರು-ನಾಲ್ಕು ವಾರಕ್ಕೊಮ್ಮೆ ಬೀಳಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಕೊನೆಯ ಚುಚ್ಚುಮದ್ದಾಗಿ ಎರಡು ವಾರ ಕಳೆಯುವವರೆಗೆ ಬೀದಿನಾಯಿ ಓಡಾಡುವ ಮಣ್ಣಿಗೆ ಇಳಿಸಬೇಡಿ, ಎತ್ತಿಕೊಂಡೇ ಓಣಿ ತೋರಿಸಿ.

ಬೇಸಿಗೆಯ ದಿನಚರಿ

ನಾಲ್ಕು ಮುಕ್ಕಾಲಿಗೆ ಏಳಬೇಕು. ಬೇರೆ ದಾರಿಯಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಟಾರು ರಸ್ತೆ ಅತಿ ತಣ್ಣಗಿರುವುದು ಐದರಿಂದ ಆರೂಕಾಲರವರೆಗೆ. ಹೊರಡುವ ಮುಂಚೆ ಅರ್ಧ ಲೀಟರ್ ನೀರು ಕುಡಿಯಲು ಬಿಡಿ. ಮೊದಲ ಹತ್ತು ನಿಮಿಷ ಮೂಸುತ್ತ ನಡೆಯಲಿ, ನಂತರ ಮೂವತ್ತೈದು ನಿಮಿಷ ಬಿರುನಡಿಗೆ, ಕೊನೆಗೆ ಹತ್ತು ನಿಮಿಷ ನಿಧಾನ. ಬೇಸಿಗೆಯಲ್ಲಿ ಓಟ ಬೇಡ, ಬೆಳಗಿನ ಜಾವವೂ ಇಪ್ಪತ್ತೇಳು-ಇಪ್ಪತ್ತೆಂಟು ಡಿಗ್ರಿ ಇರುವ ದಿನಗಳಿವೆ.

ರಾತ್ರಿ ಹೊರಡುವಾಗ ಗಾಳಿ ತಂಪಾಗಿದೆ ಎಂದು ನಂಬಬೇಡಿ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ಕೈ ಇಡಲಾಗದಿದ್ದರೆ ನಾಯಿಯ ಪಾದವೂ ಇಡಲಾಗದು. ಮೇ ತಿಂಗಳಲ್ಲಿ ಕೆಲವು ರಸ್ತೆ ಒಂಬತ್ತೂವರೆಗೂ ಆರಿರುವುದಿಲ್ಲ. ಹೊಲದ ಬದುವಿನ ಮಣ್ಣುದಾರಿ ಬೇಗ ತಣಿಯುತ್ತದೆ, ಅಲ್ಲಿಗೆ ಹೋಗಿ.

ಹಗಲು ಕೋಣೆಯೊಳಗೇ ದಣಿಸಬೇಕು. ಹಸ್ಕಿಗೆ ಮೂಗು-ಮಿದುಳಿನ ಕೆಲಸ ಕೊಟ್ಟರೆ ಇಪ್ಪತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ. ಬೆಳಗಿನ ಊಟದ ಕಾಳನ್ನು ಬಟ್ಟಲಿಗೆ ಹಾಕದೆ ಹಳೇ ಗೋಣಿಚೀಲದ ಮಡಿಕೆಯಲ್ಲಿ, ರಟ್ಟಿನ ಡಬ್ಬಿಯಲ್ಲಿ, ಕೋಣೆಯ ಮೂಲೆಗಳಲ್ಲಿ ಬಚ್ಚಿಟ್ಟು ಹುಡುಕಿಸಿ. ಮಧ್ಯಾಹ್ನ ಉಪ್ಪು-ಒಗ್ಗರಣೆ ಇಲ್ಲದ ಮಜ್ಜಿಗೆಯನ್ನು ಸ್ಟೀಲ್ ಬಟ್ಟಲಲ್ಲಿ ಫ್ರೀಜರಿಗಿಟ್ಟು ಗಡ್ಡೆ ಕಟ್ಟಿಸಿ ನೆಕ್ಕಲು ಕೊಡಿ. ನೆರಳಿನ ಹಿತ್ತಲಿದ್ದರೆ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ ಮರಳು ತುಂಬಿ, ಸಂಜೆ ನೀರು ಹೊಡೆದು ಬಿಡಿ. ನೆಲ ತೋಡಿ ತಂಪು ಹುಡುಕುವುದು ಇದರ ರಕ್ತದಲ್ಲಿದೆ. ತೋಡಲು ಜಾಗ ಕೊಡದಿದ್ದರೆ ನಿಮ್ಮ ತುಳಸಿಕಟ್ಟೆಯ ಬುಡಕ್ಕೆ ಬರುತ್ತದೆ.

ಮಾತು ಕಲಿಸುವುದೂ ಹಗಲಿನ ಕೆಲಸವೇ. ಐದು ನಿಮಿಷದಂತೆ ಮೂರು ಸಲ. ಅಪ್ಪ ‘ಸಿಟ್’, ಅವ್ವ ‘ಕುಂದ್ರು’, ಮಗಳು ‘ಕೂತ್ಕೋ’ ಅಂದರೆ ನಾಯಿ ಮೂರನ್ನೂ ಕಲಿಯುವುದಿಲ್ಲ. ‘ಕುಂದ್ರು’, ‘ನಿಂದ್ರು’, ‘ಬಾ’, ‘ಬಿಡು’ ಎಂಬ ನಾಲ್ಕನ್ನು ಚೀಟಿ ಬರೆದು ಗೋಡೆಗೆ ಅಂಟಿಸಿ, ಮನೆಮಂದಿಯೆಲ್ಲ ಅದನ್ನೇ ಬಳಸಿ.

ಗೋಡೆ, ಗೇಟು, ಹಗ್ಗ

‘ಬಾ’ ಚೆನ್ನಾಗಿ ಕಲಿತ ಹಸ್ಕಿಯನ್ನೂ ಬಯಲಲ್ಲಿ ಹಗ್ಗವಿಲ್ಲದೆ ಬಿಡಬೇಡಿ. ಕುರಿ ಕಂಡರೆ ಅದಕ್ಕೆ ನಿಮ್ಮ ದನಿ ಕೇಳಿಸುವುದಿಲ್ಲ. ನಮ್ಮ ಕಡೆ ಕುರಿಹಿಂಡು ದಿನವೂ ರಸ್ತೆ ದಾಟುತ್ತದೆ. ಒಂದು ಮರಿಯನ್ನು ಕಚ್ಚಿದರೂ ಕುರಿಗಾರನಿಗೆ ಅದು ದೊಡ್ಡ ನಷ್ಟ, ಹಿಂಡಿನ ಕಾವಲುನಾಯಿಗಳು ನಿಮ್ಮದನ್ನು ಬಿಡಲಾರವು. ಕೋಳಿ, ಬೆಕ್ಕು ಸಾಕಿದ ಮನೆಯವರೂ ಯೋಚಿಸಿ.

ಕಾಂಪೌಂಡ್ ಆರಡಿ ಇರಲಿ. ಒಳಗೋಡೆಗೆ ಒರಗಿಸಿದ ಕಟ್ಟಿಗೆ ರಾಶಿ, ನೀರಿನ ಡ್ರಮ್ಮು, ಬೈಕು ಅದಕ್ಕೆ ಮೆಟ್ಟಿಲಾಗುತ್ತವೆ, ತೆಗೆಯಿರಿ. ತಂತಿಬೇಲಿಯಾದರೆ ಬುಡದಲ್ಲಿ ಒಂದೂವರೆ-ಎರಡಡಿ ಆಳಕ್ಕೆ ಕಲ್ಲುಚಪ್ಪಡಿ ಹೂಳಿ. ಗೇಟಿನ ಕೆಳಗಿನ ಸಂದು ನಾಲ್ಕು ಇಂಚಿಗಿಂತ ಹೆಚ್ಚಿರಬಾರದು, ಚಿಲಕ ಮೂತಿಯಿಂದ ಎತ್ತಲಾಗದಂಥದ್ದಿರಲಿ. ಓಡಿಹೋಗುವುದು ಸಾಮಾನ್ಯವಾಗಿ ಹಾಲಿನವರು ಬಂದಾಗ, ಮಕ್ಕಳು ಶಾಲೆಗೆ ಹೊರಟಾಗ. ಆ ಹೊತ್ತಿಗೆ ಕೋಣೆಯ ಬಾಗಿಲು ಹಾಕಿರಬೇಕು. ಕೊರಳಪಟ್ಟಿಯ ಬಿಲ್ಲೆಯಲ್ಲಿ ಎರಡು ಫೋನ್ ನಂಬರ್ ಕೊರೆಸಿ, ಮೈಕ್ರೋಚಿಪ್ ಹಾಕಿಸಿ.

ನಡಿಗೆಗೆ ಎದೆಪಟ್ಟಿ ಮತ್ತು ಎರಡು ಮೀಟರ್ ಹಗ್ಗ. ಕೊರಳಪಟ್ಟಿ ಸಡಿಲವಿದ್ದರೆ ಈ ದಪ್ಪ ಕುತ್ತಿಗೆಯ ನಾಯಿ ಹಿಂದಕ್ಕೆ ಜಗ್ಗಿ ತಲೆ ಜಾರಿಸಿಕೊಳ್ಳುತ್ತದೆ. ಪಟ್ಟಿಯಡಿ ಎರಡು ಬೆರಳು ಹೋಗುವಷ್ಟೇ ಇರಲಿ. ಹನ್ನೆರಡರೊಳಗಿನ ಮಕ್ಕಳ ಕೈಗೆ ಹಗ್ಗ ಕೊಡಬೇಡಿ. ಎಳೆಯುವುದೇ ಅದರ ಕುಲಕಸುಬು, ಮಗು ಮುಗ್ಗರಿಸುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ, ಗಂಗಾವತಿ-ಸಿಂಧನೂರು ಭಾಗದಲ್ಲಿ, ನಾಯಿ ಈಜಿಸುವ ಆಸೆ ಬೇಡ. ಕಾಂಕ್ರೀಟ್ ಇಳಿಜಾರಿನಲ್ಲಿ ಪಾದ ಹಿಡಿಯುವುದಿಲ್ಲ, ನೀರಿನ ಸೆಳವು ಜೋರು. ಇಳಿದ ನಾಯಿ ಹತ್ತಲಾರದು.

ತುಪ್ಪಳ: ಬೋಳಿಸಬೇಡಿ

‘ಪಾಪ, ಬಿಸಿಲಿಗೆ ಬೋಳಿಸಿಬಿಡ್ರಿ’ ಎಂದು ಹೇಳುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಹಸ್ಕಿಗೆ ಎರಡು ಪದರ. ಮೇಲಿನ ಉದ್ದ ಬಿರುಸು ಕೂದಲು ಬಿಸಿಲನ್ನು ಚರ್ಮಕ್ಕೆ ಮುಟ್ಟಗೊಡುವುದಿಲ್ಲ. ಕೆಳಗಿನ ಮೆತ್ತನೆಯ ಒಳತುಪ್ಪಳ ಚಳಿಗೆ ಬೇಕಾದದ್ದು. ಬೋಳಿಸಿದರೆ ಚರ್ಮ ಸುಡುತ್ತದೆ, ಮರಳಿ ಬರುವಾಗ ಒಳತುಪ್ಪಳ ಮೊದಲು ಚಿಗುರಿ ಮೇಲ್ಗೂದಲು ತೇಪೆತೇಪೆಯಾಗಬಹುದು. ತೆಗೆಯಬೇಕಾದದ್ದು ಸತ್ತ ಒಳತುಪ್ಪಳ ಮಾತ್ರ. ಅದು ಒಳಗೇ ಗಂಟುಕಟ್ಟಿದರೆ ಗಾಳಿ ಆಡದೆ ನಾಯಿ ಕಂಬಳಿ ಹೊದ್ದಂತೆ ಬೇಯುತ್ತದೆ.

ತೊಡೆಯ ಹಿಂದೆ, ಪಕ್ಕೆಯ ಮೇಲೆ, ಒಡೆದ ಹತ್ತಿಕಾಯಿಯಿಂದ ಅರಳೆ ಇಣುಕಿದ ಹಾಗೆ ಬಿಳಿ ಎಳೆ ಹೊರಗೆ ಕಂಡರೆ ಉದುರುಗಾಲ ಬಂತೆಂದು ತಿಳಿಯಿರಿ. ತಂಪು ದೇಶದಲ್ಲಿ ವರ್ಷಕ್ಕೆ ಎರಡು ಸಲ, ನಮ್ಮಲ್ಲಿ ಅದರ ಜೊತೆಗೆ ವರ್ಷವಿಡೀ ಸ್ವಲ್ಪ ಸ್ವಲ್ಪ. ಬಾಚುವ ಕ್ರಮ ಹೀಗೆ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಎಡಗೈಯ ಅಂಗೈಯಿಂದ ತುಪ್ಪಳವನ್ನು ಮೇಲಕ್ಕೆ ಒತ್ತಿಹಿಡಿದರೆ ಕೆಳಗೆ ಬೈತಲೆಯಂಥ ಗೆರೆ ಮೂಡಿ ಚರ್ಮ ಕಾಣುತ್ತದೆ. ಆ ಗೆರೆಯಿಂದ ಬೆರಳಗಲದಷ್ಟನ್ನೇ ಬುಡದಿಂದ ತುದಿಗೆ ಬಾಚಿ: ಮೊದಲು ಉದ್ದ ಹಲ್ಲಿನ ಅಂಡರ್‌ಕೋಟ್ ರೇಕ್, ನಂತರ ಸಣ್ಣ ತಂತಿಯ ಸ್ಲಿಕರ್. ಕೈಯನ್ನು ಬೆರಳಗಲ ಮೇಲೆ ಸರಿಸಿ, ಮುಂದಿನ ಗೆರೆ. ಬಾಚಣಿಗೆ ಚರ್ಮಕ್ಕೆ ತಾಗದೆ ಬರೀ ಮೇಲೆ ಓಡಿದರೆ ಮೈ ಹೊಳೆಯುತ್ತದೆ, ಒಳಗೆ ಗಂಟು ಹಾಗೇ ಉಳಿಯುತ್ತದೆ. ಕಿವಿಯ ಹಿಂದೆ, ಕಂಕುಳು, ಹಿಂದೊಡೆಯ ಭಾಗದಲ್ಲಿ ಗಂಟು ಹೆಚ್ಚು. ಉದುರುಗಾಲದಲ್ಲಿ ದಿನಾ ಇಪ್ಪತ್ತು ನಿಮಿಷ, ಉಳಿದಂತೆ ವಾರಕ್ಕೆ ಮೂರು ಸಲ.

ಸ್ನಾನ ಆರೆಂಟು ವಾರಕ್ಕೊಮ್ಮೆ ಸಾಕು. ಬಾಚಿದ ಮೇಲೆ ಸ್ನಾನ, ಉಲ್ಟಾ ಅಲ್ಲ. ನೆಂದ ಗಂಟು ಬಿಗಿಯುತ್ತದೆ. ಒಣಗಿಸುವುದಕ್ಕೆ ಸ್ನಾನಕ್ಕಿಂತ ಎರಡರಷ್ಟು ಹೊತ್ತು ಬೇಕು. ಬುಡದಲ್ಲಿ ತೇವ ಉಳಿದರೆ ಎರಡೇ ದಿನದಲ್ಲಿ ಚರ್ಮ ಕೆಂಪಾಗಿ ರಸ ಒಸರುವ ಗಾಯ ಏಳಬಹುದು. ಸಂಡೂರು, ತೋರಣಗಲ್ಲು ಕಡೆಯ ಕೆಂಪುಧೂಳಿಗೆ ಸ್ನಾನ ಬೇಡ, ಒದ್ದೆಬಟ್ಟೆಯಲ್ಲಿ ಒರೆಸಿ ಬಾಚಿದರೆ ಹೋಗುತ್ತದೆ.

ಊಟ, ನೀರು

22 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ 1,000ದಿಂದ 1,150 ಕಿಲೋ ಕ್ಯಾಲೊರಿ ಸಾಕು. ಚೀಲದ ಒಣ ಆಹಾರವಾದರೆ 300 ಗ್ರಾಂ ಆಸುಪಾಸು, ಎರಡು ಹೊತ್ತಿಗೆ ಹಂಚಿ. ಈ ತಳಿ ಗಾತ್ರಕ್ಕೆ ಹೋಲಿಸಿದರೆ ಕಡಿಮೆ ತಿನ್ನುತ್ತದೆ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ತುಪ್ಪಳ ದಪ್ಪವಿರುವುದರಿಂದ ಕಣ್ಣಿಗೆ ಮೋಸ. ಪಕ್ಕೆಗೆ ಬೆರಳು ಆಡಿಸಿ, ಎಲುಬು ಸುಲಭವಾಗಿ ಎಣಿಸಲು ಸಿಕ್ಕರೆ ತೂಕ ಸರಿ.

ಮನೆಯ ಅಡುಗೆಯಾದರೆ ಮೂಳೆ ತೆಗೆದು ಬೇಯಿಸಿದ ಕೋಳಿ 270 ಗ್ರಾಂ, ಅನ್ನ 350 ಗ್ರಾಂ, ಬೇಯಿಸಿದ ಕುಂಬಳ ಅಥವಾ ಗಜ್ಜರಿ ಒಂದು ಹಿಡಿ, ಮೀನೆಣ್ಣೆ ಒಂದು ಚಮಚ, ಜೊತೆಗೆ ವೈದ್ಯರು ಹೇಳಿದ ಖನಿಜ-ವಿಟಮಿನ್ ಪುಡಿ. ಪುಡಿ ಬಿಟ್ಟರೆ ಈ ಊಟ ಪೂರ್ಣವಲ್ಲ. ಮಾಂಸ ಒಲ್ಲದ ಮನೆಗಳಿಗೆ ಒಣ ಆಹಾರವೇ ಸರಿಯಾದ ದಾರಿ. ದೊಡ್ಡ ಚೀಲ ಅಗ್ಗವೆಂದು ತರಬೇಡಿ. ನಮ್ಮ ಸೆಕೆಗೆ ಕೊಬ್ಬು ಬೇಗ ಕಮಟುತ್ತದೆ; ಮೂರು ಕಿಲೋ ಚೀಲ ತಂದು ನಾಯಿಯ ತಂಪು ಕೋಣೆಯಲ್ಲೇ ಇಡಿ.

ಜೋಳದ ರೊಟ್ಟಿ-ಹಾಲಿನ ಮೇಲೆಯೇ ಹಸ್ಕಿ ಬೆಳೆಸುವುದು ನಮ್ಮ ಕಡೆಯ ದೊಡ್ಡ ತಪ್ಪು. ಈ ತಳಿಯ ಕೆಲವು ನಾಯಿಗಳಿಗೆ ಸತು, ಅಂದರೆ ಜಿಂಕ್, ಕರುಳಿನಲ್ಲಿ ಸರಿಯಾಗಿ ಹೀರುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ, ಹೆಚ್ಚಾದ ಕ್ಯಾಲ್ಸಿಯಂ ಎರಡೂ ಅದನ್ನು ಇನ್ನಷ್ಟು ತಡೆಯುತ್ತವೆ. ಕಣ್ಣಿನ ಸುತ್ತ, ತುಟಿಯಂಚಿನಲ್ಲಿ ಕೂದಲುದುರಿ ಹಕ್ಕಳೆ ಕಟ್ಟಿದರೆ ಹುಳುಕಡ್ಡಿ ಮುಲಾಮು ಹಚ್ಚುತ್ತ ಕೂಡಬೇಡಿ, ಜಿಂಕ್ ಕೊರತೆ ಇರಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯ ಪ್ರಮಾಣ ಅವರೇ ಹೇಳಬೇಕು, ಹೆಚ್ಚಾದರೆ ಜಿಂಕೂ ವಿಷ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೂಡದು. ಉಳ್ಳಾಗಡ್ಡಿ ಹಾಕಿದ ಸಾರು ಕಲಸಿದ ಅನ್ನವೂ ಅಷ್ಟೇ. ಕಲ್ಲಂಗಡಿ ಬೀಜ ತೆಗೆದು ಕೊಡಬಹುದು.

ನೀರು ದಿನಕ್ಕೆ ಒಂದೂ ಕಾಲು ಲೀಟರ್, ಬೇಸಿಗೆಯಲ್ಲಿ ಎರಡು-ಎರಡೂವರೆ. ಹಸ್ಕಿ ಬಟ್ಟಲಲ್ಲಿ ಕಾಲಾಡಿಸಿ ಚೆಲ್ಲುತ್ತದೆ. ಕಲ್ಲಿನ ಬಾನಿ ಉರುಳದು, ತಣ್ಣಗೂ ಇರುತ್ತದೆ. ಫ್ಲೋರೈಡ್ ಇರುವ ಬೋರಿನ ನೀರು ಬೇಡ, ನೀವು ಕುಡಿಯುವ ನೀರನ್ನೇ ಇಡಿ.

ಉಣ್ಣೆ, ಮುಳ್ಳು, ಹಾವು

ಬೆಳಗಿನ ನಡಿಗೆ ಮುಗಿದ ಕೂಡಲೇ ಹತ್ತು ನಿಮಿಷ ಮೈ ತಡವಿ. ಉಣ್ಣೆ ಕೂರುವುದು ಕಿವಿಯೊಳಗೆ, ಬೆರಳಸಂದಿಯಲ್ಲಿ, ಕೊರಳಪಟ್ಟಿಯ ಅಡಿ. ಹಸ್ಕಿಯ ತುಪ್ಪಳದಲ್ಲಿ ಕಣ್ಣಿಗೆ ಬೀಳದು, ಬೆರಳಿಗೆ ಸಿಗುತ್ತದೆ. ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಿರಿ. ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿದರೆ ಉಣ್ಣೆಜ್ವರದ ರಕ್ತಪರೀಕ್ಷೆ ಅದೇ ದಿನ ಮಾಡಿಸಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ. ದನಕ್ಕೆ ಹೊಡೆಯುವ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಸವರಿದರೆ ನಡುಕ, ಫಿಟ್ಸ್ ಬರಬಹುದು. ನಾಯಿಯ ಉಣ್ಣೆ ಗೋಡೆ ಹತ್ತಿ ಬಿರುಕಿನಲ್ಲಿ ಮೊಟ್ಟೆ ಇಡುವುದರಿಂದ ಕೋಣೆಯ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ.

ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಲ್ಲಿ ಮುರಿದು ಕೂತರೆ ಎರಡು ದಿನ ಕುಂಟುವವರೆಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಬೆರಳಸಂದಿಯಲ್ಲಿ ಉಂಡೆಗಟ್ಟಿ ಚರ್ಮ ಹುಣ್ಣಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಮನೆಗೆ ಬಂದು ಪಾದ ತೊಳೆದು, ಒರೆಸಿ, ಸಂದಿ ಬಿಡಿಸಿ ನೋಡುವುದು. ಗದ್ದೆ ಬದುವಿನಲ್ಲಿ ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಆಸ್ಪತ್ರೆಗೆ.

ಬಿಸಿಲು ಬಡಿದಾಗ

ನಾಯಿಯ ಸಹಜ ತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ತೇಕು ಗರಗರ ಸದ್ದಾಗಿ, ನಾಲಿಗೆ ಅಗಲವಾಗಿ ಇಟ್ಟಿಗೆಗೆಂಪಿಗೆ ತಿರುಗಿ, ಜೊಲ್ಲು ಅಂಟಿನಂತೆ ಇಳಿದರೆ ಅದು ಮೊದಲ ಗುರುತು. ಹೆಜ್ಜೆ ತಪ್ಪುವುದು, ವಾಂತಿ, ರಕ್ತಭೇದಿ ಬಂದರೆ ಹೊತ್ತು ಮೀರುತ್ತಿದೆ.

1. ನೆರಳಿಗೆ ತಂದು ಕಲ್ಲುನೆಲದ ಮೇಲೆ ಮಲಗಿಸಿ.
2. ಕೂಡಲೇ ನೀರು ಸುರಿಯಿರಿ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನಳ ತಿರುವಬೇಡಿ. ಮೇ ಮಧ್ಯಾಹ್ನ ಅದರಲ್ಲಿ ಬರುವುದು ಬಿಸಿನೀರು. ನೆಲದ ಸಂಪಿನಿಂದ ಕೊಡದಲ್ಲಿ ಎತ್ತಿ ಹಾಕಿ. ಒಳತುಪ್ಪಳ ನೀರನ್ನು ಒಳಗೆ ಬಿಡುವುದಿಲ್ಲ, ಬೆರಳಾಡಿಸಿ ಚರ್ಮ ನೆನೆಯುವಂತೆ ಮಾಡಿ. ಹೊಟ್ಟೆ, ತೊಡೆಸಂದು, ಕಂಕುಳು, ಕುತ್ತಿಗೆಗೆ ಹೆಚ್ಚು.
3. ಫ್ಯಾನು ಹಚ್ಚಿ, ಇಲ್ಲದಿದ್ದರೆ ರಟ್ಟಿನಿಂದ ಬೀಸಿ. ಒದ್ದೆ ಟವೆಲ್ ಹೊದಿಸಬೇಡಿ, ಶಾಖ ಒಳಗೇ ನಿಲ್ಲುತ್ತದೆ.
4. ತಾನಾಗಿ ಕುಡಿದರೆ ನೀರು ಕೊಡಿ, ಬಾಯಿಗೆ ಸುರಿಯಬೇಡಿ. ಮನುಷ್ಯರ ಜ್ವರದ ಮಾತ್ರೆ ಕೂಡದು; ಈ ತಾಪಕ್ಕೆ ಅದು ನಾಟದು, ನಾಯಿಗೆ ವಿಷ.
5. ಮೂರು ನಿಮಿಷಕ್ಕೊಮ್ಮೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ಅತಿಯಾಗಿ ತಣ್ಣಗಾಗುತ್ತದೆ.
6. ಎದ್ದು ಓಡಾಡಿದರೂ ಪಶುವೈದ್ಯರ ಬಳಿಗೆ ಅದೇ ದಿನ ಒಯ್ಯಿರಿ. ಮೂತ್ರಪಿಂಡ ಕೆಡುವುದು, ರಕ್ತ ಹೆಪ್ಪುಗಟ್ಟದಿರುವುದು ಒಂದೆರಡು ದಿನ ತಡವಾಗಿ ಕಾಣಿಸುತ್ತದೆ.

ಥರ್ಮಾಮೀಟರ್, ಚಿಮುಟ, ವೈದ್ಯರ ನಂಬರ್ ಮೂರೂ ನಾಯಿಯ ಕೋಣೆಯ ಗೋಡೆಯಲ್ಲೇ ಇರಲಿ.

ಚಳಿಗಾಲದ ಓಟ

ಡಿಸೆಂಬರ್, ಜನವರಿಯ ಬೆಳಗು 15ರಿಂದ 18 ಡಿಗ್ರಿಗೆ ಇಳಿದಾಗ ಇದೇ ನಾಯಿ ಬೇರೆಯದೇ ಪ್ರಾಣಿ. ಒಂದೂವರೆ ವರ್ಷ ತುಂಬಿದ್ದರೆ ಎಳೆಯುವ ಕೆಲಸ ಕೊಡಿ. ಭುಜಕ್ಕೆ ಒತ್ತದೆ ಎದೆಯ ಮೇಲೆ ಭಾರ ಬೀಳುವ, ಬೆನ್ನ ಮೇಲೆ ಗುಣಿಸುಗುರುತಿನ ಪಟ್ಟಿಯ ಸರಂಜಾಮು, ಹಿಗ್ಗುವ ಹಗ್ಗ, ನಿಮ್ಮ ಸೊಂಟಕ್ಕೆ ಅಗಲ ಬೆಲ್ಟ್. ಮಣ್ಣುದಾರಿಯಲ್ಲಿ ಮೊದಲ ವಾರ ಅರ್ಧ ಕಿಲೋಮೀಟರ್, ಮುಂದೆ ವಾರಕ್ಕೆ ಅರ್ಧದಂತೆ ಏರಿಸಿ ಮೂರಕ್ಕೆ ನಿಲ್ಲಿಸಿ. ಹಿಮಬಂಡಿ ಓಡಿಸುವವರು ಬಲಕ್ಕೆ ‘ಜೀ’, ಎಡಕ್ಕೆ ‘ಹಾ’ ಅನ್ನುತ್ತಾರೆ. ‘ಬಲಕ’, ‘ಎಡಕ’ ಅಂದರೂ ಹಸ್ಕಿ ಅಷ್ಟೇ ಚೆನ್ನಾಗಿ ತಿರುಗುತ್ತದೆ. ಹಗ್ಗ ಸಡಿಲಾದ ಕ್ಷಣ ನಿಲ್ಲಿ, ಅದಕ್ಕೆ ಸಾಕಾಗಿದೆ.

ಫೆಬ್ರುವರಿ ಮೂರನೇ ವಾರ ಸರಂಜಾಮು ಎತ್ತಿಡಿ. ಕೂಲರ್ ಇಳಿಸಿ ಟ್ಯಾಂಕ್ ತೊಳೆದು, ಹೊಸ ಹುಲ್ಲು ತುಂಬಿಸಿ, ಪಂಪು ಓಡುತ್ತದೆಯೇ ನೋಡಿಡಿ.